ನಾಗತ್ತೆಯ ಮಂಚ

ಮೊನ್ನೆ ಬೆಳಿಗ್ಗೆ ಚೈತ್ರಾಳ ಫೋನು ಬಂತು. ಚೈತ್ರಾ ಅಂದರೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ನಮ್ಮ ಮನೆಯ ನಕ್ಷೆ ಬರೆದ ಹುಡುಗಿ. ನಮ್ಮೆಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದಾಗ ಅವರ ಕೈಯಲ್ಲಿ ಕಲಿತವಳು. "ಆಂಟಿ, ಗುರುವಾರ ಫೋಟೋಗ್ರಾಫರ್ ಬರ್ತಿದಾರೆ, ಯಾವುದೋ ಮ್ಯಾಗಜಿನ್‌ಗೆ ನಮ್ಮನೆ ಫೋಟೋ ಬೇಕಂತೆ" ಎಂದಳು. ಅವಳು 'ನಮ್ಮನೆ' ಎಂದದ್ದು ನಮ್ಮ ಮನೆಯನ್ನೇ. ಬಾಣಂತನ ಮಾಡಿದವರಿಗೆ ಮಗುವಿನ ಮೇಲೆ ಇರುವ ಸಲಿಗೆ ನಕ್ಷೆ ಬರೆದವರಿಗೆ ಮನೆಯ ಮೇಲೆ ಇರುತ್ತದೆ, ನಾವು ಸುಮ್ಮನಿರಬೇಕು. ಆಮೇಲೆ ಸ್ವರ ತಗ್ಗಿಸಿ ಹೇಳಿದಳು. "ಹಾಲ್‌ನಲ್ಲಿರೋ ಆ ಕಬ್ಬಿಣದ ಮಂಚ ಇದೆಯಲ್ಲ, ಅದನ್ನ ಒಂದಿನದ ಮಟ್ಟಿಗೆ ಹಿಂದ್ಗಡೆ ಇಡಣ ಆಂಟಿ. ಹಂಗೇ ನೆಲದ ಮೇಲಿನ ಗೀರಿಗೆ ಪಾಲಿಶ್‌ನವರನ್ನ ಕರ್ಕೊಂಡು ಬರ್ತೀನಿ."

ಫೋನು ಇಟ್ಟು ಆ ಗೀರನ್ನೇ ನೋಡುತ್ತಾ ನಿಂತೆ. ನಮ್ಮದು ರೆಡ್ ಆಕ್ಸೈಡ್ ನೆಲ. ನಮ್ಮವರು ದಿನಾ ಸಂಜೆ ಕೊಬ್ಬರಿ ಎಣ್ಣೆ ಬಟ್ಟೆ ಹಿಡಿದು ಮೊಣಕಾಲೂರಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ ನೆಲ. ಅದರ ಮೇಲೆ ಕುಡುಗೋಲಿನ ಹಾಗೆ ಬಾಗಿದ ಒಂದು ಉದ್ದ ಬಿಳಿ ಗೀರು. ಮನೆಗೆ ಬಂದವರು ಗಾಳಿ-ಬೆಳಕು ಹೊಗಳುವ ಮೊದಲು ಅದನ್ನೇ ನೋಡಿ ಲೊಚ್‌ಗುಟ್ಟುತ್ತಾರೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಗೀರು ಬೀಳದೆ ಇದ್ದಿದ್ದರೆ ನಮ್ಮವರು ಇವತ್ತು ಕುಂಸಿಯಲ್ಲಿ ತಮ್ಮ ಅಣ್ಣನ ಮನೆಯಲ್ಲಿ ಇರುತ್ತಿದ್ದರು, ನಾನು ಈ ಮಣ್ಣಿನ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ.

ಮೊದಲು ಮನೆಯ ಸಂಗತಿ ಹೇಳಬೇಕು. ನಮ್ಮವರು ನೌಕರಿಯುದ್ದಕ್ಕೂ ಬಾಡಿಗೆ ಮನೆಗಳಲ್ಲೇ ಬಾಳಿದವರು. ಗೋಡೆಗೆ ಮೊಳೆ ಹೊಡೆಯಬಾರದು, ಹಿತ್ತಲಲ್ಲಿ ಗಿಡ ನೆಡಬಾರದು ಎನ್ನುವ ಮಾಲೀಕರ ಕೈಕೆಳಗೆ ಇದ್ದೂ ಇದ್ದೂ, ಸ್ವಂತ ಮನೆಯ ಆಸೆ ಅವರೊಳಗೆ ಉಪ್ಪಿನಕಾಯಿಯ ಹಾಗೆ ಚೆನ್ನಾಗಿ ಊರಿತ್ತು. ನಿವೃತ್ತಿಯಾದ ಮೇಲೆ ಅದಕ್ಕೆ ಪರಿಸರದ ಹುಚ್ಚೂ ಸೇರಿಕೊಂಡಿತು. ಪಾಯ ತೋಡಿದ ಮಣ್ಣನ್ನೇ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿಸಿದರು, ಸುಡಲಿಲ್ಲ, ಸುಟ್ಟರೆ ಹೊಗೆಯಲ್ಲವೇ. ಗೋಡೆಗೆ ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ. ಸಿಮೆಂಟು ಉಳಿಯಲಿ ಎಂದು ತಾರಸಿಯ ಹೊಟ್ಟೆಯೊಳಗೆ ಹಳೆಯ ಹೆಂಚು ತುಂಬಿಸಿದರು. ಮಳೆನೀರು ನೆಲದಡಿಯ ತೊಟ್ಟಿಗೆ, ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ. ಗಾಳಿ ಆಡಲಿ ಎಂದು ಒಳಗೆ ಬಚ್ಚಲುಮನೆ ಬಿಟ್ಟು ಎಲ್ಲಿಯೂ ಬಾಗಿಲಿಲ್ಲ, ಅಡುಗೆಮನೆಗಂತೂ ಗೋಡೆಯೇ ಇಲ್ಲ. ಮರ ಕಡಿಯಬಾರದಲ್ಲ, ಹಾಗಾಗಿ ಪೀಠೋಪಕರಣವೂ ಇಲ್ಲ. ಸೋಫಾ ಎಂದರೆ ಇಟ್ಟಿಗೆಯ ಕಟ್ಟೆ, ಮೇಲೊಂದು ದಿಂಬು. ಹಾಸಿಗೆ ಎಂದರೆ ಇನ್ನೊಂದು ಕಟ್ಟೆ. ಊಟದ ಮೇಜು ಗೋಡೆಯಲ್ಲಿ ಹೂತ ಕಡಪಾ ಕಲ್ಲು. ಹೊರಗಿನಿಂದ ಬಂದದ್ದು ನಾಲ್ಕಾರು ಬೆತ್ತದ ಕುರ್ಚಿ ಮಾತ್ರ.

ಗೃಹಪ್ರವೇಶದ ದಿನ ನಮ್ಮ ದೊಡ್ಡಮ್ಮ ಹೋಳಿಗೆ ಊಟ ಮುಗಿಸಿ, ಕೈ ಒರೆಸಿಕೊಂಡು, ಗೋಡೆಯನ್ನೊಮ್ಮೆ ಸವರಿ, "ಚೆನ್ನಾಗಿ ಬರ್ತಿದೆ ಕಣೇ ಮನೆ. ಮುಗಿದ್ಮೇಲೆ ಇನ್ನೊಂದ್ಸಲ ಕರಿ" ಎಂದರು. ಎದುರುಮನೆಯವರು ತಮ್ಮ ಮನೆಯ ಮುಖಕ್ಕೆಲ್ಲ ಹಸಿರು ಗಾಜು ಅಂಟಿಸಿ, ಒಳಗೆ ಬೆವರುತ್ತಾ ಕೂರುವವರು. ಅವರಿಗೆ ನಮ್ಮ ಮೇಲೆ ನಿಜವಾದ ಮರುಕ. "ಸಾರ್, ಪ್ಲಾಸ್ಟರ್‌ಗೆ ನಮ್ ಮೇಸ್ತ್ರಿನ ಕಳಿಸ್ಲಾ?" ಎಂದು ಈಗಲೂ ಕೇಳುತ್ತಿರುತ್ತಾರೆ. ನಮ್ಮವರು ಅವರನ್ನು ಕೂರಿಸಿ, ಮಣ್ಣಿನ ಗೋಡೆ ಹೇಗೆ ಉಸಿರಾಡುತ್ತದೆ ಎಂದು ವಿವರಿಸುತ್ತಾರೆ. ಪಾಪ, ಅವರು ಕಾಫಿ ಕುಡಿದು ಹೋಗುತ್ತಾರೆ. ನಾನು ಸುಮ್ಮನೆ ಹೇಳಬಾರದು, ಏಪ್ರಿಲ್ ತಿಂಗಳಲ್ಲಿ ಈ ಮನೆ ತಣ್ಣಗಿರುತ್ತದೆ, ನನಗದು ತುಂಬ ಇಷ್ಟ. ಆದರೆ ಆಗ ನಾನು ಅದನ್ನು ಬಾಯಿಬಿಟ್ಟು ಹೇಳುವ ಸ್ಥಿತಿಯಲ್ಲಿರಲಿಲ್ಲ.

ಯಾಕೆ ಎಂದು ಹೇಳಲು ಕತೆ ಭದ್ರಾವತಿಗೆ ಹೋಗಬೇಕು. ನಾನು ಹುಟ್ಟಿ ಬೆಳೆದದ್ದು ಅಲ್ಲಿ, ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಕಬ್ಬಿಣದ ವಿಷಯದಲ್ಲಿ ಭದ್ರಾವತಿಯವರ ಕೈ ಬಹಳ ಧಾರಾಳ. ನಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ನೆಟ್ಟಿದ್ದ ಕಂಬಕ್ಕೆ ಆನೆ ಕಟ್ಟಬಹುದಿತ್ತು. ಹರಾಜಿನಲ್ಲಿ ತಂದ ಪೈಪುಗಳಿಂದ ಅಪ್ಪನ ವೆಲ್ಡರ್ ಗೆಳೆಯರೊಬ್ಬರು ಎರಡು ಮಂಚ ಮಾಡಿಕೊಟ್ಟಿದ್ದರು, ಒಂದು ಅಪ್ಪನಿಗೆ, ಒಂದು ಅಪ್ಪನ ಅಕ್ಕ ನಾಗತ್ತೆಗೆ. ಅವುಗಳ ತೂಕ ಎಷ್ಟೆಂದು ಯಾರೂ ನೋಡಿರಲಿಲ್ಲ. ಒಬ್ಬರು ಎಷ್ಟೇ ಮುಕ್ಕಿರಿದರೂ ಅಲುಗುತ್ತಿರಲಿಲ್ಲ, ಇಬ್ಬರು ಹಿಡಿದರೆ ಏಳುತ್ತಿದ್ದವು, ಅಷ್ಟು ಮಾತ್ರ ಗೊತ್ತು.

ನಾಗತ್ತೆಯ ಗಂಡನೂ ಕಾರ್ಖಾನೆಯವರೇ. ಅವರ ಕ್ವಾರ್ಟರ್ಸಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಕಿವಿಯಿಡುವ ಅಗತ್ಯವೇ ಇರಲಿಲ್ಲ, ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು ಬರುತ್ತಿತ್ತು. ಅಪ್ಪ ಅಮ್ಮ ಜಗಳವಾಡಿದರೆ ನಾಗತ್ತೆ ಬರುತ್ತಿರಲಿಲ್ಲ. ಜಗಳ ನಿಂತು, ಮಾತು ನಿಂತು, ಪಾತ್ರೆ ಇಡುವ ಸದ್ದು ಮಾತ್ರ ಉಳಿಯಿತೋ, ಆಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದಳು. ಬಂದವಳು ಏನಾಯಿತು ಎಂದು ಕೇಳಿದ್ದೇ ಇಲ್ಲ. ನಡುಮನೆಯಲ್ಲಿ ನಿಂತು ಮಂಚವನ್ನು ನೋಡಿ, "ಈ ಮಂಚ ಇಲ್ಲಿದ್ರೆ ಗಾಳಿ ಸರಿಯಾಗಿ ಬರಲ್ಲ. ತಿರುಗಿಸ್ಬೇಕು. ನೀನು ಆ ಕಡೆ ಹಿಡಿ, ನೀನು ಈ ಕಡೆ" ಎನ್ನುತ್ತಿದ್ದಳು.

ಅಪ್ಪ ಕಾರ್ಖಾನೆಯಲ್ಲಿ ಯಾರಿಗೂ ಹೆದರಿದವರಲ್ಲ, ಆದರೆ ಅಕ್ಕನ ಎದುರು ಬೆಕ್ಕಿನ ಮರಿ. ಹಿಡಿಯುತ್ತಿದ್ದರು. ಅಮ್ಮನೂ ಮೂತಿ ಊದಿಸಿಕೊಂಡೇ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಈಗ ನೀವೇ ಯೋಚಿಸಿ, ಅಷ್ಟು ಭಾರದ ಸಾಮಾನನ್ನು ಇಬ್ಬರು ಎತ್ತುವಾಗ ಮಾತಾಡದೆ ಇರಲು ಸಾಧ್ಯವೇ? ಒಂದು ಸಲ ಚಿಕ್ಕಮ್ಮನ ಮಗಳ ಮದುವೆಗೆ ಹೋಗುವ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಮಂಚ ಎತ್ತಿ ಬಾಗಿಲ ಹತ್ತಿರ ತಿರುಗಿಸುವಾಗ ಅಪ್ಪನ ಬಾಯಿಂದ "ಬೆರಳು... ಬೆರಳು ಜೋಪಾನ" ಎಂದು ಬಂದುಬಿಟ್ಟಿತು. ಅಮ್ಮ "ನನ್ ಬೆರಳ ಚಿಂತೆ ನಿಮಗ್ಯಾಕೆ" ಎಂದಳು. "ನಾಳೆ ದೋಸೆ ಹುಯ್ಯೋರ್ಯಾರು?" ಎಂದರು ಅಪ್ಪ. ಅಮ್ಮ ನಕ್ಕಳು. ನಾಗತ್ತೆ ಅಷ್ಟಕ್ಕೇ ಬಿಡದೆ, ಅಲ್ಲಿ ಬೇಡ, ಇಲ್ಲಿ ಬೇಡ ಎಂದು ಮಂಚವನ್ನು ಮನೆಯೆಲ್ಲ ತಿರುಗಿಸಿ, ಕೊನೆಗೆ ಮೊದಲಿದ್ದ ಜಾಗದಲ್ಲೇ ಇಡಿಸಿ ಹೋದಳು. ಮದುವೆಗೆ ಇಬ್ಬರೂ ಹೋಗಿಬಂದರು.

ನಾನೂ ನನ್ನ ಅಕ್ಕನೂ ಲಂಗಕ್ಕಾಗಿ ಕಿತ್ತಾಡಿ ಮಾತು ಬಿಟ್ಟರೆ ನಮಗೆ ಮಂಚ ಸಿಗುತ್ತಿರಲಿಲ್ಲ, ಟ್ರಂಕು ಸಿಗುತ್ತಿತ್ತು. ಬರಬರುತ್ತಾ ಇಡೀ ಸಾಲಿಗೇ ಈ ಪದ್ಧತಿ ಹಬ್ಬಿತು. ಮೂಲೆಮನೆಯ ತಮಿಳಿನ ಸೆಲ್ವಿಯಕ್ಕ ಬಂದು, "ನಾಗಕ್ಕಾ, ನಮ್ಮನೆ ಬೀರು ಸ್ವಲ್ಪ ತಿರುಗಿಸ್ಬೇಕಿತ್ತು" ಎಂದಳೆಂದರೆ, ಅವಳಿಗೂ ಅವಳ ಗಂಡನಿಗೂ ಮಾತಿಲ್ಲ ಎಂದು ಸಾಲಿನವರಿಗೆಲ್ಲ ತಿಳಿಯುತ್ತಿತ್ತು. ಯಾರೂ ನಗುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಬೀರು ಇತ್ತಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಮಂಚ ನನ್ನ ಪಾಲಿಗೆ ಬಂತು. ಶಿವಮೊಗ್ಗದ ಬಾಡಿಗೆ ಮನೆಗಳಲ್ಲೆಲ್ಲ ಅದು ನಮ್ಮ ಜೊತೆ ಸುತ್ತಿತು. ಹೊಸ ಮನೆಗೆ ಹೋಗುವ ಮುಂಚಿನ ವಾರ, ನಾನು ನಾಗತ್ತೆಯನ್ನು ಗೃಹಪ್ರವೇಶಕ್ಕೆ ಕರೆಯಲು ಭದ್ರಾವತಿಗೆ ಹೋಗಿ ವಾಪಸು ಬಂದು ನೋಡುತ್ತೇನೆ, ಮಂಚ ಇಲ್ಲ.

"ಮಂಚ ಎಲ್ಲಿ?" ಎಂದೆ.

"ಗುಜರಿಯವನಿಗೆ ಕೊಟ್ಟೆ. ಹೊಸ ಮನೆಗೆ ಅದು ಹೊಂದಲ್ಲ ಮಾರಾಯ್ತಿ" ಎಂದರು ನಮ್ಮವರು, ಹಳೆಯ ಪೇಪರು ಕಟ್ಟುತ್ತಾ.

"ಮರುಬಳಕೆ ಮರುಬಳಕೆ ಅಂತ ಊರಿಗೆಲ್ಲ ಪಾಠ ಹೇಳ್ತೀರಲ್ಲ!"

"ಗುಜರಿಗೆ ಹಾಕೋದು ಅಂದ್ರೆ ಅದೇ ಅಲ್ವೇನೇ? ಕರಗಿಸಿ ಇನ್ನೊಂದೇನಾದ್ರೂ ಮಾಡ್ತಾರೆ."

ನಾನು ಉಟ್ಟ ಸೀರೆಯಲ್ಲೇ ಗುಜರಿ ಅಂಗಡಿಗೆ ಓಡಿದೆ. ಲಾರಿ ಅಷ್ಟರಲ್ಲೇ ಹೋಗಿತ್ತು. ವಾಪಸು ಬರುವಾಗ ಆಟೋದಲ್ಲಿ ಕೂತು ಅತ್ತೆ. ಅಪ್ಪ ಕೊನೆಯ ಕಾಯಿಲೆಯಲ್ಲಿ ಮಲಗಿದ್ದ ಮಂಚ ಅದು. ಅಪ್ಪನನ್ನು ಎರಡನೇ ಸಲ ಕಳೆದುಕೊಂಡ ಹಾಗಾಯಿತು, ಅದೂ ನನ್ನನ್ನು ಒಂದು ಮಾತು ಕೇಳದೆ. ಆ ಸಿಟ್ಟು ಗೃಹಪ್ರವೇಶದ ದಿನವೂ ಇಳಿದಿರಲಿಲ್ಲ. ಬಂದವರಾರೋ "ಮನೆ ಹೇಗನ್ನಿಸತ್ತೆ?" ಎಂದು ಕೇಳಿದ್ದಕ್ಕೆ, "ಅವರನ್ನೇ ಕೇಳಿ, ಅವರ ಮನೆ" ಎಂದುಬಿಟ್ಟೆ. ನಮ್ಮವರು ಅಲ್ಲೇ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಖ ಸಣ್ಣಗಾದದ್ದನ್ನು ನೋಡಿದೆ. ನನಗೆ ಕನಿಕರ ಬರಲಿಲ್ಲ.

ಅಲ್ಲಿಂದ ಮಾತು ನಿಂತಿತು. ಬಾಗಿಲಿಲ್ಲದ ಮನೆಯಲ್ಲಿ ಮುನಿಸಿಕೊಂಡು ನೋಡಿ, ಕಷ್ಟ ಗೊತ್ತಾಗುತ್ತದೆ. ಧಡಾರೆಂದು ಹಾಕಿಕೊಳ್ಳಲು ಬಾಗಿಲಿಲ್ಲ, ಹೋಗಿ ಕೂರಲು ಮೂಲೆಯಿಲ್ಲ. ಎಲ್ಲಿ ಕೂತರೂ ಎಲ್ಲಿಂದಲೂ ಕಾಣುತ್ತೇವೆ, ಚೈತ್ರಾ ಇದನ್ನೇ 'ಓಪನ್ ಪ್ಲಾನ್' ಎಂದು ಹೆಮ್ಮೆಯಿಂದ ತೋರಿಸುತ್ತಿದ್ದದ್ದು. ಅವರು ಸಿಟ್ಟಿನಿಂದ ಪೇಪರ್ ಮಗುಚುವುದು ನನಗೆ ಕಾಣಬೇಕು, ನಾನು ಸಿಟ್ಟಿನಿಂದ ಹುರುಳಿಕಾಯಿ ಮುರಿಯುವುದು ಅವರಿಗೆ ಕಾಣಬೇಕು. ಕೊನೆಗೆ ನಾನು ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು ಸಿಟ್ಟು ಮಾಡಿಕೊಳ್ಳಲು ಕಲಿತೆ. ಊಟಕ್ಕೆ ಕರೆಯುವುದಿದ್ದರೆ ಗೋಡೆಗೆ ಹೇಳುತ್ತಿದ್ದೆ, "ಬಡಿಸಿದೆ" ಎಂದು. ಅವರೂ ಗೋಡೆಗೇ "ಹ್ಞೂಂ" ಎನ್ನುತ್ತಿದ್ದರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಉಸಿರಾಡುತ್ತಿದ್ದದ್ದು ಗೋಡೆ ಮಾತ್ರ.

ಒಂದು ಬೆಳಿಗ್ಗೆ ಮುಂಬಾಗಿಲ ಹತ್ತಿರ ಅವರ ಬ್ಯಾಗು ಕಂಡಿತು. "ಕುಂಸಿಗೆ ಹೋಗ್ತೀನಿ. ಅಣ್ಣನ ಮನೇಲಿರ್ತೀನಿ" ಎಂದು ಗೋಡೆಗೆ ಹೇಳಿದರು. ಎಷ್ಟು ದಿನ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ವರ್ಷ ಕನಸು ಕಂಡು ಕಟ್ಟಿದ ಮನೆಯನ್ನೇ ಬಿಟ್ಟು ಹೊರಡುವಷ್ಟು ಈ ಮನುಷ್ಯನಿಗೆ ನೋವಾಗಿದೆ ಎಂದು ಆಗ ನನಗೆ ಹೊಳೆದು, ನಿಜವಾಗಿ ಹೆದರಿಕೆಯಾಯಿತು.

ಅದೇ ದಿನ ನಾಗತ್ತೆ ಬಂದಳು. ಕಾಲು ಬಾತಿದ್ದರಿಂದ ಅವಳಿಗೆ ಗೃಹಪ್ರವೇಶಕ್ಕೆ ಬರಲಾಗಿರಲಿಲ್ಲ, ಈಗ ವಾಸಿಯಾಗಿ ಬಸ್ಸು ಹತ್ತಿ ಬಂದಿದ್ದಳು. ಬ್ಯಾಗನ್ನು ನೋಡಿದಳು, ನಾನು ಕಾಫಿ ತಂದು "ಕಾಫಿ ಇಟ್ಟಿದೀನಿ" ಎಂದು ಗೋಡೆಗೆ ಹೇಳಿದ್ದನ್ನೂ ನೋಡಿದಳು. ಅವಳಿಗೆ ಇನ್ನೇನು ಬೇಕು? ಲೋಟ ಕೆಳಗಿಟ್ಟು ಎದ್ದು ಸೋಫಾಕ್ಕೆ ಕೈ ಹಚ್ಚಿ ನೂಕಿದಳು.

"ಇದು ಅಲ್ಲಾಡಲ್ವಾ?"

"ಇಲ್ಲ ಅತ್ತೆ, ಅದು ಕಟ್ಟಿದ್ದು."

ಹಾಸಿಗೆಯ ಕಟ್ಟೆಗೆ ಹೋದಳು. ಅದೂ ಕಟ್ಟಿದ್ದು. ಊಟದ ಮೇಜಿನ ಕೆಳಗೆ ಬಗ್ಗಿ ಕಾಲು ಹುಡುಕಿದಳು, ಕಾಲೇ ಇಲ್ಲ. ಕೊನೆಗೆ ಒಂದು ಬೆತ್ತದ ಕುರ್ಚಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಜಿಗುಪ್ಸೆಯಿಂದ ಕೆಳಗಿಟ್ಟು, "ಇದನ್ನ ಒಬ್ಬರೇ ಎತ್ತಬಹುದು. ಇದನ್ನ ಇಟ್ಕೊಂಡು ಏನು ಮಾಡ್ತೀರಿ?" ಎಂದಳು. ನಮ್ಮವರು ಅವಳಿಗೆ ಮರ ಉಳಿಸುವ ವಿಚಾರ ಹೇಳಲು ಬಾಯಿ ತೆರೆದರು. ಅವಳು ಕೈ ಅಡ್ಡ ತಂದು, "ಅಳಿಯಂದಿರೇ, ಬುಧವಾರ ನೀವಿಬ್ಬರೂ ಮನೇಲೇ ಇರ್ಬೇಕು. ಕುಂಸಿ ಎಲ್ಲೂ ಓಡಿಹೋಗಲ್ಲ" ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟೇ ಹೋದಳು.

ಬುಧವಾರ ಲಗೇಜ್ ಆಟೋ ಒಂದು ನಮ್ಮ ಗೇಟಿನ ಮುಂದೆ ನಿಂತಿತು. ಡ್ರೈವರನ ಪಕ್ಕದಲ್ಲಿ ನಾಗತ್ತೆ, ಹಿಂದೆ ಹಗ್ಗ ಬಿಗಿದ ಅವಳ ಮಂಚ. ಅಪ್ಪನ ಮಂಚದ ಜೋಡಿ. "ಇದನ್ನ ಯಾಕೆ ತಂದೆ ಅತ್ತೆ, ನೀನೆಲ್ಲಿ ಮಲಗ್ತೀಯ?" ಎಂದರೆ, "ನಂಗೆ ಮಗ ಹೊಸದು ತಂದಿದಾನೆ. ಗುಂಡಿ ಒತ್ತಿದ್ರೆ ತಲೆ ಕಡೆ ತಾನೇ ಏಳತ್ತೆ. ನಾನು ಏಳು ಅಂದಾಗ ಒಂದಾದ್ರೂ ಏಳತ್ತಲ್ಲ" ಎಂದಳು. ಡ್ರೈವರು ಪಾಪ, ದಾರಿಯಲ್ಲಿ ಹೋಗುವವನೊಬ್ಬನ ಕೈ ಸೇರಿಸಿಕೊಂಡು ಮಂಚ ಇಳಿಸಿ, ಒಳಗೂ ಇಟ್ಟುಕೊಡಲು ಬಂದ. ನಾಗತ್ತೆ ಅವನನ್ನು ತಡೆದು, "ನೀನು ಬಿಡಪ್ಪ. ಮನೆಯವರು ಇದಾರೆ" ಎಂದಳು. ನಂತರ ಒಳಗೆ ಹೋಗಿ ಇಟ್ಟಿಗೆ ಸೋಫಾದ ಮೇಲೆ ಕಾಲು ಮಡಿಚಿ ಕೂತು, ನಮ್ಮಿಬ್ಬರನ್ನೂ ನೋಡಿ ಹೇಳಿದಳು. "ನೀನು ಆ ಕಡೆ ಹಿಡಿ. ನೀವು ಈ ಕಡೆ ಹಿಡೀರಿ."

ಹಿಡಿದೆವು. ಚೈತ್ರಾ ನಮ್ಮ ಮುಂಬಾಗಿಲಿನ ಒಳಗೆ ಸೊಗಸಾಗಿ ಬಾಗಿದ ಒಂದು ಮಣ್ಣಿನ ಗೋಡೆ ಇಟ್ಟಿದ್ದಾಳೆ, ಬಂದವರಿಗೆ ಒಮ್ಮೆಗೇ ಒಳಗೆ ಕಾಣಬಾರದೆಂದು. ಕಬ್ಬಿಣದ ಮಂಚ ಅಲ್ಲಿ ತಿರುಗುವುದೆಂದರೆ ಹುಡುಗಾಟವಲ್ಲ. ಓರೆ ಮಾಡಿದೆವು, ಎತ್ತಿದೆವು, ಇಳಿಸಿದೆವು, ಎಲ್ಲ ಮೂಕರ ಹಾಗೆ ಕಣ್ಣಲ್ಲೇ. ನನ್ನ ಕೈ ಗೋಡೆಗೂ ಪೈಪಿಗೂ ನಡುವೆ ಸಿಕ್ಕುವುದರಲ್ಲಿತ್ತು.

"ಬೆರಳು! ಬೆರಳು ಜೋಪಾನ ಕಣೇ!" ಎಂದರು ನಮ್ಮವರು.

ಅವರಿಗೆ ನಮ್ಮಪ್ಪನ ಆ ಮಾತು ಗೊತ್ತಿರಲಿಲ್ಲ, ನಾನು ಯಾವತ್ತೂ ಹೇಳಿರಲಿಲ್ಲ. ನನಗೆ ಕಣ್ಣು ಮಂಜಾಯಿತು. "ನಿಮ್ ಸೊಂಟ ನೋಡ್ಕೊಳ್ಳಿ ಮೊದ್ಲು" ಎಂದೆ. ಮಂಚ ಹಾಲಿಗೆ ಬಂತು. "ಕಿಟಕಿ ಹತ್ರ ಇಡಿ" ಎಂದಳು ನಾಗತ್ತೆ. ಇಟ್ಟೆವು. "ಅಲ್ಲಿ ಬಿಸಿಲು. ಈ ಕಡೆ." ಮತ್ತೆ ಎತ್ತಿದೆವು. ಎತ್ತಿ ಹಿಡಿದ ಹಾಗೆಯೇ ನಮ್ಮವರು ಏದುಸಿರು ಬಿಡುತ್ತಾ ಕೇಳಿದರು, "ಈ ಮನೆ ನಿಂಗೆ ಇಷ್ಟ ಇಲ್ಲ ಅಂತ ಮೊದ್ಲೇ ಒಂದ್ ಮಾತು ಹೇಳಬಾರದಿತ್ತಾ?"

"ಮನೆ ಇಷ್ಟ ಇದೆ ಕಣ್ರೀ. ಅಪ್ಪನ ಮಂಚ ನನ್ ಕೇಳ್ದೆ ಕೊಟ್ರಲ್ಲ, ಅದು ಇಷ್ಟ ಆಗ್ಲಿಲ್ಲ."

"ಕೇಳ್ಬೇಕಿತ್ತು" ಎಂದರು ಅವರು. ಅದರ ಹಿಂದೆಯೇ, "ಭಾರ ಆಗ್ತಿದೆ, ಇಳಿಸ್ಲಾ?" ಎಂದರು.

ಆ ಮನುಷ್ಯ ಅಷ್ಟು ಗಂಭೀರವಾಗಿ ತಪ್ಪೊಪ್ಪಿಕೊಂಡು, ಅದೇ ಉಸಿರಿನಲ್ಲಿ ಅಪ್ಪಣೆ ಕೇಳಿದ್ದು ನೋಡಿ ನನಗೆ ತಡೆಯಲಾರದ ನಗು ಬಂತು. ನಗುವಾಗ ಕೈ ಸಡಿಲಾಯಿತು. ನನ್ನ ಕಡೆಯ ಕಾಲು ನೆಲಕ್ಕೆ ಬಡಿದು, ಕರ್ರ್ ಎಂದು ಎಳೆದುಕೊಂಡು ಹೋಯಿತು. ಮೂವರೂ ನೆಲ ನೋಡಿದೆವು. ಎಣ್ಣೆ ಹಚ್ಚಿ ಹಚ್ಚಿ ಮಿಂಚಿಸಿದ ಕೆಂಪು ನೆಲದ ನಟ್ಟನಡುವೆ ಬಿಳೀ ಗೀರು. ಮುಗಿಯಿತು, ಇನ್ನು ಇವರು ಬ್ಯಾಗು ಎತ್ತಿದ ಹಾಗೆಯೇ ಎಂದುಕೊಂಡೆ. ನಮ್ಮವರು ಆ ಗೀರನ್ನು ನೋಡಿದರು, ನನ್ನನ್ನು ನೋಡಿದರು, ಮಂಚದ ಅಂಚಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದು ನಕ್ಕರು.

"ಮನೆ ಚೆನ್ನಾಗಿ ಕಟ್ಸಿದೀರಿ. ಒಂದು ಭಾರದ ಸಾಮಾನು ಇಡೋದು ಮರೆತಿದ್ರಿ, ಅಷ್ಟೇ. ಈಗ ಕಾಫಿ ಮಾಡ್ರಪ್ಪ" ಎಂದಳು ನಾಗತ್ತೆ. ಕಾಫಿ ನಮ್ಮವರೇ ಮಾಡಿದರು. ಸಂಜೆ ನೋಡಿದರೆ ಬಾಗಿಲ ಹತ್ತಿರ ಬ್ಯಾಗು ಇರಲಿಲ್ಲ.

ಈಗ ನಾಗತ್ತೆ ಇಲ್ಲ. ಹೋದ ಮಳೆಗಾಲದಲ್ಲಿ, ಆ ಗುಂಡಿ ಒತ್ತುವ ಮಂಚದ ಮೇಲೆಯೇ, ನಿದ್ದೆಯಲ್ಲಿ ಹೋದಳು. ಅವಳ ನೆನಪಾದರೆ ನನಗೆ ಈಗಲೂ ದುಃಖಕ್ಕಿಂತ ಮೊದಲು ನಗು ಬರುತ್ತದೆ, ದುಃಖ ಆಮೇಲೆ ಬರುತ್ತದೆ.

ಇವತ್ತು ಬುಧವಾರ. ಹೇಳಿದ ಹಾಗೆ ಚೈತ್ರಾ ಬಂದಳು. ಅವಳ ಗಂಡ ಸುಹಾಸನೂ ಬಂದ, ನಮ್ಮ ಮನೆ ಕಟ್ಟುವಾಗ ಇಂಜಿನಿಯರಾಗಿ ನಿಂತು ನೋಡಿಕೊಂಡವನು ಅವನೇ. ಯಾವಾಗಲೂ ಒಂದೇ ಗಾಡಿಯಲ್ಲಿ ಬರುವವರು ಇವತ್ತು ಅವಳು ಸ್ಕೂಟರಿನಲ್ಲಿ, ಅವನು ಬೈಕಿನಲ್ಲಿ. ಪಾಲಿಶ್‌ನವನು ಅವನ ಹಿಂದೆ ಮೆಷಿನ್ ಹಿಡಿದು ಕೂತಿದ್ದ. ಒಳಗೆ ಬಂದ ಚೈತ್ರಾ, ಪಕ್ಕದಲ್ಲೇ ನಿಂತ ಗಂಡನನ್ನು ಬಿಟ್ಟು ನನಗೆ ಹೇಳಿದಳು, "ಆಂಟಿ, ಮೆಷಿನ್ ವೈರ್ ಎಲ್ಲಿದೆ ಅಂತ ಸ್ವಲ್ಪ ಇವರನ್ನ ಕೇಳಿ." ಸುಹಾಸ ಕಿಟಕಿಯ ಕಡೆ ನೋಡುತ್ತಾ, "ಬೈಕಲ್ಲಿದೆ ಅಂತ ಹೇಳಿ ಆಂಟಿ" ಎಂದ.

ನಾನು ಏನಾಯಿತು ಎಂದು ಕೇಳಲಿಲ್ಲ. ಪಾಲಿಶ್‌ನವನನ್ನು ಜಗಲಿಯಲ್ಲಿ ಕೂರಿಸಿದೆ. "ಮೊದ್ಲು ಮಂಚ. ಚೈತ್ರಾ, ನೀನು ಆ ಕಡೆ ಹಿಡಿ. ಸುಹಾಸ, ನೀನು ಈ ಕಡೆ" ಎಂದೆ. ನಮ್ಮವರು ಧಾವಿಸಿ ಬಂದು ನಡುವೆ ಕೈ ಹಾಕಲು ನೋಡಿದರು. ನಾನು ಕಣ್ಣು ಬಿಟ್ಟೆ. ಮೇಷ್ಟರಿಗೆ ಕೂಡಲೇ ಅರ್ಥವಾಯಿತು. "ನಂಗೆ ಸೊಂಟ ಸರಿ ಇಲ್ಲಪ್ಪ" ಎಂದು ಗೊಣಗುತ್ತಾ ಕಾಫಿ ಮಾಡಲು ಹೋದರು, ಗೋಡೆಯಿಲ್ಲದ ಅಡುಗೆಮನೆಯಿಂದ ಎಲ್ಲ ಕಾಣುತ್ತದಲ್ಲ. ನಾನು ನಾಗತ್ತೆ ಕೂತಿದ್ದ ಜಾಗದಲ್ಲೇ ಕಾಲು ಮಡಿಚಿ ಕೂತೆ.

"ಹಿಂದ್ಗಡೆ ಒಯ್ಯಣ ಆಂಟಿ?" ಎಂದ ಸುಹಾಸ.

"ಮೊದ್ಲು ಆ ಕಿಟಕಿ ಹತ್ರ ಇಡಿ, ನೋಡಣ." ಇಟ್ಟರು. "ಬೇಡ, ಬೆಳಕು ಸರಿ ಇಲ್ಲ. ಈ ಕಡೆ." ತಿರುಗಿಸಿದರು. "ಅಲ್ಲೂ ಬೇಡ. ಬಾಗಿಲ ಕಡೆಗೆ." ಬಾಗಿದ ಗೋಡೆಯ ಹತ್ತಿರ ಮಂಚ ಓರೆಯಾಯಿತು. ಅದೇ ಗೋಡೆ, ಅದೇ ಸಂದು.

"ಸುಹಾಸ್, ಬೆರಳು ನೋಡ್ಕೋ! ಗೋಡೆ ಇದೆ ಅಲ್ಲಿ!" ಎಂದಳು ಚೈತ್ರಾ.

"ಆ ಗೋಡೆ ಇಟ್ಟೋಳು ನೀನೇ ಅಲ್ವಾ ಮಾರಾಯ್ತಿ" ಎಂದ ಸುಹಾಸ.

ಅವಳು ಫಕ್ಕನೆ ನಕ್ಕಳು. ನಕ್ಕ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಆದರೂ ಹೇಳುವಷ್ಟರಲ್ಲಿ ಕರ್ರ್ ಎಂದಿತು. ನಮ್ಮವರು ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬಿಟ್ಟು ಓಡಿಬಂದರು. ಹಾಲ್‌ನ ನಡುವೆ ಹಳೆಯ ಗೀರಿತ್ತು, ಈಗ ಬಾಗಿದ ಗೋಡೆಯ ಹತ್ತಿರ ಇನ್ನೊಂದು. ಪಾಲಿಶ್‌ನವನು ಒಳಗೆ ಇಣುಕಿ, "ಎರಡೂ ತೆಗೀಬೇಕಾ ಅಮ್ಮಾ?" ಎಂದು ಕೇಳಿದ. ನಾನು ಚೈತ್ರಾಳ ಮುಖ ನೋಡಿದೆ. ಅವಳು ಆ ಗೀರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಅದನ್ನು ಮುಟ್ಟಿ, ತಲೆಯೆತ್ತಿ ಗಂಡನನ್ನು ನೋಡಿ, "ಇರ್ಲಿ ಬಿಡಿ. ಮಂಚನೂ ಹಾಲ್‌ನಲ್ಲೇ ಇರ್ಲಿ" ಎಂದಳು.

ಕಾಫಿ ಕುಡಿದು ಹೊರಟರು. ಪಾಲಿಶ್‌ನವನನ್ನು ಆಟೋ ಹತ್ತಿಸಿ, ಇಬ್ಬರೂ ಚೈತ್ರಾಳ ಸ್ಕೂಟರಿನಲ್ಲೇ ಹೋದರು. ಸುಹಾಸನ ಬೈಕು ನಮ್ಮ ಅಂಗಳದಲ್ಲೇ ನಿಂತಿದೆ, ನಾಳೆ ಬಂದು ತಗೊಂಡು ಹೋಗ್ತಾನಂತೆ.